ಉಪ್ಪಿನ ಗುಡ್ಡದ ಚಾಚಾ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಬರ್ ದುಬೈಯ ದೇವಸ್ಥಾನದ ಗಲ್ಲಿಯಲ್ಲಿ ಹೂವಿಗಾಗಿ ನಿಂತಿದ್ದೆ. ಆಫೀಸಿನ ಡ್ರೈವರ್ ಫೋನ್ ಮಾಡಿ, "ಚಾಚಾ ಖಲಾಸ್. ಸಂಜೆ ಅಸರ್ ನಮಾಜಿನ ನಂತರ ಮಣ್ಣು," ಎಂದಷ್ಟೇ ಹೇಳಿದ. ಹೂವಿನವನು ಎಷ್ಟು ಮೊಳ ಬೇಕೆಂದು ಕೇಳುತ್ತಲೇ ಇದ್ದ. ನಾನು ಏನೂ ಕೊಳ್ಳದೆ ಅಬ್ರಾ ದೋಣಿ ಹತ್ತಿ ಖಾಡಿಯ ಆಚೆ ದಡಕ್ಕೆ ಹೊರಟೆ. ದೋಣಿಯಲ್ಲಿ ಕುಳಿತಾಗ ಮೊದಲು ನೆನಪಾದದ್ದು ಅವರ ಮುಖವಲ್ಲ, ಪಾದಗಳು.

ಜುಲೈಯ ಸೆಖೆಯಲ್ಲೂ ಅವರು ದಪ್ಪ ಕಾಲುಚೀಲ ಹಾಕಿಕೊಳ್ಳುತ್ತಿದ್ದರು. ಅದರ ಮೇಲೆ ಚರ್ಮದ ಚಪ್ಪಲಿ. ಆಫೀಸಿನಲ್ಲಿ ಹೊಸಬರು ಯಾರಾದರೂ ನಕ್ಕರೆ ಅವರೂ ನಗುತ್ತಿದ್ದರು. ಒಮ್ಮೆ ನಮಾಜಿಗೆ ಮುಂಚೆ ಕಾಲು ತೊಳೆಯುತ್ತಿದ್ದಾಗ ನಾನು ನೋಡಿದೆ. ಅಂಗಾಲಿನಿಂದ ಮೀನಖಂಡದವರೆಗೆ ಒಡೆದು ಕೂಡಿ, ಮತ್ತೆ ಒಡೆದು ಕೂಡಿದ ಚರ್ಮ. ಕಪ್ಪು ಮೈಯಲ್ಲಿ ಅಲ್ಲಲ್ಲಿ ಬಿಳಿ ಗೆರೆಗಳು. ನಾನು ನೋಡಿದ್ದನ್ನು ಅವರು ನೋಡಿದರು. "ಉಪ್ಪು," ಎಂದರು. "ಹರಳು ಕೊಯ್ಯುತ್ತದೆ. ನೀರು ಗಾಯ ಮಾಯಲು ಬಿಡುವುದಿಲ್ಲ. ಎಂಟು ವರ್ಷದವನಿದ್ದಾಗ ಇಳಿದದ್ದು." ಅಷ್ಟು ಹೇಳಿ ಕಾಲುಚೀಲ ಏರಿಸಿಕೊಂಡರು.

ನಮ್ಮ ಕಂಪನಿ ಉಪ್ಪಿನದು. ಅಲ್ ಮುರಕ್ಕಬಾತಿನ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಆಫೀಸು. ದುಬೈಯಿಂದ ನಾಲ್ಕು ತಾಸಿನ ದಾರಿ, ಮದೀನತ್ ಜಾಯೆದ್ ಎಂಬ ಊರು ದಾಟಿ ಇನ್ನೂ ಪಶ್ಚಿಮಕ್ಕೆ, ಸಮುದ್ರದ ಹತ್ತಿರ, ಉಪ್ಪಿನ ಗುಡ್ಡ. ಗುಡ್ಡ ಅಗೆಯಲು ಶುರುಮಾಡಿದವರು ಈಗಿನ ಯಜಮಾನರ ತಂದೆ. ಯಜಮಾನರಿಗೆ ಎಪ್ಪತ್ತೈದು ದಾಟಿತ್ತು. ನಾವೆಲ್ಲ ಅವರನ್ನು ಬಾಬಾ ಎನ್ನುತ್ತಿದ್ದೆವು. ವ್ಯವಹಾರವನ್ನೆಲ್ಲ ನೋಡುತ್ತಿದ್ದವರು ಅವರ ಮಗ, ಇಂಗ್ಲೆಂಡಿನಲ್ಲಿ ಓದಿ ಬಂದ ಮ್ಯಾನೇಜರ್ ಸಾಹೇಬರು. ನಾನು ಸೇರಿದ್ದು ೨೦೧೦ರಲ್ಲಿ. ಕಾಗದಪತ್ರ, ವೀಸಾ, ಕೆಲಸಗಾರರ ಫೈಲು ನನ್ನ ಪಾಲಿನ ಕೆಲಸ.

ಚಾಚಾರಿಗೆ ಮಾತ್ರ ಯಾವ ಕೆಲಸವೂ ಇರಲಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತು ಬಂದವರಿಗೆ ಸಣ್ಣ ಬಟ್ಟಲಲ್ಲಿ ಗಹ್ವಾ, ಅಂದರೆ ಅರಬ್ಬಿ ಕಾಫಿ, ಸುರಿದು ಕೊಡುತ್ತಿದ್ದರು. ಮೊದಲ ದಿನ ನನ್ನ ಊರು ಕೇಳಿದರು. ಮಂಗಳೂರಿನ ಕಡೆ ಎಂದೆ. ಅವರ ಕಣ್ಣು ಅರಳಿತು. "ಬಂದರು! ಹಂಚು!" ಎಂದು ಕೂಗಿದರು. ಪ್ರಾಯದಲ್ಲಿ ಹಾಯಿ ಹಡಗಿನ ಆಳಾಗಿ ಖರ್ಜೂರ ಹೇರಿಕೊಂಡು ಬಂದು ಹಂಚು ತುಂಬಿಸಿಕೊಂಡು ಹೋಗುತ್ತಿದ್ದರಂತೆ. ಅಲ್ಲಿ ಕಲಿತ ತುಳು ಎರಡೇ ಮಾತು. ಅಂದಿನಿಂದ ನಾನು ಬಾಗಿಲು ದಾಟಿದಾಗಲೆಲ್ಲ, "ಬಲೆ ಬಲೆ, ಕುಲ್ಲುಲೆ," ಎನ್ನುತ್ತಿದ್ದರು. ಬನ್ನಿ, ಕೂತುಕೊಳ್ಳಿ. ನನ್ನನ್ನು ಅವರು ಕರೆಯುತ್ತಿದ್ದದ್ದು "ಮಂಗ್ಳೂರು" ಎಂದೇ. ಉಳಿದ ಮಾತೆಲ್ಲ ಅರ್ಧ ಅರಬ್ಬಿ ಕಲಸಿದ ಇಲ್ಲಿಯ ಹಿಂದಿಯಲ್ಲಿ. ಅದನ್ನೇ ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಒಮ್ಮೆ ಯಾವುದೋ ದೊಡ್ಡ ಗಿರಾಕಿ ಬಂದು ಕುಳಿತು, ಅವರತ್ತ ಚಿಟಿಕೆ ಹೊಡೆದು ಗಹ್ವಾ ಬೇಕೆಂದು ಸನ್ನೆ ಮಾಡಿದ. ಚಾಚಾ ಕೈಯಲ್ಲಿದ್ದ ಹೂಜಿಯನ್ನು ಮೇಜಿನ ಮೇಲಿಟ್ಟರು. ನಿಧಾನವಾಗಿ ನಡೆದು ಹೋಗಿ ಅವನ ಹೆಸರು ಕೇಳಿದರು. ಅವನು ಗಲಿಬಿಲಿಗೊಂಡು ಹೇಳಿದ. ಆಮೇಲೆ ತಮ್ಮ ಹೆಸರು ಹೇಳಿದರು, ತಂದೆಯ ಹೆಸರನ್ನೂ ಸೇರಿಸಿ. ಆಮೇಲೆಯೇ ಹೂಜಿ ಎತ್ತಿಕೊಂಡದ್ದು.

ಇಷ್ಟು ಧೈರ್ಯ ಎಲ್ಲಿಂದ ಎಂದು ನನಗೆ ಆಗ ಅನಿಸಿತ್ತು. ಡ್ರೈವರ್ ಗುಟ್ಟಾಗಿ ಹೇಳಿದ. ಬಾಬಾ ಹುಟ್ಟಿದಾಗ ಅವರ ತಾಯಿಗೆ ಹಾಲಿರಲಿಲ್ಲ. ಅದೇ ವರ್ಷ ಹೆತ್ತಿದ್ದ ಚಾಚಾರ ತಾಯಿ ಎದೆಹಾಲು ಕೊಟ್ಟು ಸಾಕಿದ್ದು. ಇಲ್ಲಿಯವರಲ್ಲಿ ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರೇ. ಬಾಬಾ ಆಫೀಸಿಗೆ ಬಂದರೆ ಮೊದಲು ಚಾಚಾರ ಹಣೆಗೆ ಮುತ್ತಿಡುತ್ತಿದ್ದರು. ಇಂಥ ಪುಣ್ಯವಂತ ಉಂಟಾ ಎಂದು ನಾವು ಹಿಂದಿನಿಂದ ಮಾತಾಡಿಕೊಳ್ಳುತ್ತಿದ್ದೆವು.

೨೦೧೩ರಲ್ಲಿ ಮ್ಯಾನೇಜರ್ ಸಾಹೇಬರು ಕಂಪನಿಯ ಚರಿತ್ರೆಯನ್ನು ಪುಸ್ತಕ ಮಾಡಿಸಲು ಹೊರಟರು. ನುಣುಪು ಕಾಗದ, ಅರಬ್ಬಿ ಮತ್ತು ಇಂಗ್ಲಿಷ್. ಬರೆಯಲು ಹೊರಗಿನವರಿದ್ದರು, ಹಳೆಯ ಚಿತ್ರಗಳನ್ನು ಕೂಡಿಸಿ, ಯಾವುದರಲ್ಲಿ ಯಾರಿದ್ದಾರೆಂದು ಅಡಿಬರಹ ಸಿದ್ಧಪಡಿಸುವುದು ನನಗೆ ಬಂತು. ಎಣ್ಣೆ ಹುಡುಕಲು ಬಂದಿದ್ದ ಯಾರೋ ಬಿಳಿಯ ತೆಗೆದ ಒಂದು ಚಿತ್ರ ಆ ರಾಶಿಯಲ್ಲಿತ್ತು. ಗುಡ್ಡದ ಬುಡದಲ್ಲಿ ಸಾಲಾಗಿ ನಿಂತ ಹದಿಮೂರು ಗಂಡಸರು, ಸೊಂಟಕ್ಕೆ ಮಾತ್ರ ಬಟ್ಟೆ, ಕೈಯಲ್ಲಿ ಹಾರೆ. ನಾನು ಅದನ್ನು ಚಾಚಾರ ಮುಂದೆ ಹಿಡಿದು, "ಈ ಕೆಲಸಗಾರರಲ್ಲಿ ಯಾರದಾದರೂ ಗುರುತು ಸಿಗುತ್ತದಾ ಚಾಚಾ?" ಎಂದು ಕೇಳಿದೆ.

ಅವರು ಚಿತ್ರವನ್ನು ಕಿಟಕಿಯ ಬೆಳಕಿಗೆ ಒಯ್ದರು. ನನಗೆ ಬೆನ್ನು ಹಾಕಿ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಕೆಲಸಗಾರರಲ್ಲ," ಎಂದರು. "ಕೆಲಸಗಾರ ಅಂದರೆ ಮನೆಗೆ ಹೋಗಬಲ್ಲವನು."

ಆಮೇಲೆ ಎಡದಿಂದ ಬೆರಳಿಟ್ಟು ಒಂದೊಂದೇ ಹೆಸರು ಹೇಳಿದರು. ಅಲ್ಮಾಸ್, ಯಾಕೂತ್, ಫೈರೋಜ್, ಜೌಹರ್... ನಾನು ಬರೆದುಕೊಳ್ಳುತ್ತ, "ಚೆಂದದ ಹೆಸರುಗಳು," ಎಂದೆ.

"ವಜ್ರ, ಮಾಣಿಕ್ಯ, ನೀಲಿಹರಳು, ರತ್ನ," ಎಂದರು ಚಾಚಾ. "ಮನುಷ್ಯರಿಗೆ ಇಡುವ ಹೆಸರಲ್ಲ ಅವು. ಸಾಮಾನಿಗೆ ಇಡುವ ಹೆಸರು. ಕೊಂಡವರು ಇಟ್ಟದ್ದು."

ಆ ಹದಿಮೂರರಲ್ಲಿ ಕೆಲವರು ಆಫ್ರಿಕಾದ ಕರಾವಳಿಯಿಂದ, ಕೆಲವರು ಬಲೂಚಿ ತೀರದಿಂದ ಹಿಡಿದು ತಂದವರು, ಉಳಿದವರು ಅಂಥವರಿಗೆ ಯಜಮಾನರ ಮನೆಯಲ್ಲೇ ಹುಟ್ಟಿದವರು. ಹಗಲೆಲ್ಲ ಗುಡ್ಡದೊಳಗೆ ಸುರಂಗ ಕೊರೆದು ಉಪ್ಪಿನ ಬಂಡೆ ಒಡೆಯುವುದು, ಹೊತ್ತು ತಂದು ದಡದ ದೋಣಿಗೆ ತುಂಬುವುದು. ಕುಡಿಯುವ ನೀರು ಮೂರು ದಿನಕ್ಕೊಮ್ಮೆ ಒಂಟೆಯ ಮೇಲೆ ಬರುತ್ತಿತ್ತಂತೆ. ಫರಜ್ ಎಂಬವನು ತಪ್ಪಿಸಿಕೊಂಡು ಶಾರ್ಜಾದವರೆಗೆ ನಡೆದು, ಬ್ರಿಟಿಷರಿಂದ ಬಿಡುಗಡೆಯ ಕಾಗದ ಬರೆಸಿಕೊಂಡಿದ್ದ. ಹೆಂಡತಿಯನ್ನು ಕರೆದೊಯ್ಯಲು ಅದೇ ಕಾಗದ ಹಿಡಿದುಕೊಂಡು ಗುಡ್ಡಕ್ಕೆ ವಾಪಸು ಬಂದ. "ಕಾಗದವನ್ನು ಅವನಿಗೇ ತಿನ್ನಿಸಿದರು," ಎಂದರು ಚಾಚಾ. "ಎಲ್ಲರನ್ನೂ ನಿಲ್ಲಿಸಿ ನೋಡಿಸಿದರು. ನನ್ನ ಅಮ್ಮ ನನ್ನ ಕಣ್ಣು ಮುಚ್ಚಿದಳು. ಬೆರಳ ಸಂದಿಯಿಂದ ನೋಡಿದೆ."

ಸಾಲಿನ ಕೊನೆಯವನ ಮೇಲೆ ಬೆರಳು ನಿಂತಿತು. ಎಡಗೈಯಲ್ಲಿ ಎರಡು ಬೆರಳಿಲ್ಲದ, ತೆಳ್ಳಗಿನ ಗಂಡಸು. "ನನ್ನ ಅಪ್ಪ," ಎಂದರು.

ಬಿಳಿಯ ಕಾಗದದ ಮೇಲೆ ಹದಿಮೂರು ಹೆಸರುಗಳನ್ನು ನಾನು ಟೈಪ್ ಮಾಡಿದೆ. ಚಾಚಾರಿಗೆ ಓದಲು ಬರುತ್ತಿರಲಿಲ್ಲ. ಓದಿ ಹೇಳಿಸಿಕೊಂಡು, ಚಿತ್ರದ ಕೆಳಗೆ ಇವು ಇರಬೇಕು ಎಂದರು. "ಬೇರೆ ಏನೂ ಬರೆಯುವುದು ಬೇಡ. ಹೆಸರು ಸಾಕು." ಆಗಲಿ ಎಂದು ಮಾತು ಕೊಟ್ಟೆ.

ಹದಿನೈದು ದಿನ ಬಿಟ್ಟು ಗುಡ್ಡದ ಹೊಸ ಚಿತ್ರ ತೆಗೆಸಲು ಹೋಗುವಾಗ ಚಾಚಾ ತಾವೂ ಕಾರು ಹತ್ತಿದರು. ದಾರಿಯುದ್ದಕ್ಕೂ ಬೂದು ನೆಲ, ಅದರ ಮೇಲೆ ಉಪ್ಪಿನ ಪೊರೆ. ಗುಡ್ಡ ಈಗ ಅರ್ಧವೂ ಉಳಿದಿಲ್ಲ, ಯಂತ್ರಗಳು ತಿಂದಿವೆ. ತೊಳೆಯುವ ಘಟಕದ ಹಿಂದೆ ಟ್ರಕ್ಕುಗಳು ನಿಲ್ಲುವ ಜಾಗವೊಂದಿತ್ತು. ಅದರ ಅಂಚಿಗೆ ಕಲ್ಲು ನೆಟ್ಟ ಒಂದು ಗೋರಿ. ಚಾಚಾ ಚಪ್ಪಲಿ ಬಿಟ್ಟು ಅದರ ಹತ್ತಿರ ನಿಂತರು. ಪ್ರಾರ್ಥನೆ ಮುಗಿಸಿ ಅಲ್ಲೇ ನೆಲದ ಮೇಲೆ ಕುಳಿತು ನನಗೆ ಈ ಮಾತು ಹೇಳಿದರು.

ಅವರು ಆರು ವರ್ಷದವರಿದ್ದಾಗ ಸುರಂಗದ ಮಾಡು ಕುಸಿಯಿತು. ಒಳಗೆ ಮೂವರಿದ್ದರು, ಅಪ್ಪನೂ ಸೇರಿ. ಹೊರಗಿದ್ದವರು ಕೈಯಿಂದಲೇ ಕೆದಕತೊಡಗಿದರು. ದೋಣಿ ದಡದಲ್ಲಿ ಕಾಯುತ್ತಿತ್ತು. ಮೇಸ್ತ್ರಿ ಬಂದು, ಇಲ್ಲಿ ಸಾಕು, ಆಚೆ ಬದಿಯಿಂದ ಹೊಸ ಬಾಯಿ ತೆಗೆಯಿರಿ ಎಂದ. ಅಷ್ಟೇ. ಆ ಬದಿಯನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಎಷ್ಟೋ ವರ್ಷಗಳ ನಂತರ ಆಳುಗಳಿಗೆಲ್ಲ ಬಿಡುಗಡೆಯಾಯಿತು. ದೇಶ ಹುಟ್ಟಿತು. ಇವರಿಗೆ ಪೌರತ್ವ ಸಿಕ್ಕಿತು, ಯಜಮಾನರ ಮನೆತನದ ಹೆಸರೇ ಇವರ ಹೆಸರಿನ ಬಾಲವಾಯಿತು. ಇದೇ ಗುಡ್ಡಕ್ಕೆ ಇವರೇ ಮೇಸ್ತ್ರಿಯಾದರು. ಅಗೆಯುವ ಯಂತ್ರ ಬಂದ ವರ್ಷ ಅದರ ಹಲ್ಲು ಹಳೆಯ ಸುರಂಗವನ್ನು ಸೀಳಿತು. ಒಳಗೆ ಉಪ್ಪಿಗೆ ಅಂಟಿಕೊಂಡು ಒಬ್ಬ ಕುಕ್ಕರುಗಾಲಲ್ಲಿ ಕುಳಿತಿದ್ದ.

"ಕೊಳೆತಿರಲಿಲ್ಲ," ಎಂದರು. "ಉಪ್ಪು ಕೊಳೆಯಲು ಬಿಡುವುದಿಲ್ಲ. ಎಡಗೈ ನೋಡಿದೆ. ಎರಡು ಬೆರಳಿಲ್ಲ. ನನಗೆ ಆಗ ನಲವತ್ತೈದು, ಗಡ್ಡ ನರೆತಿತ್ತು. ಅಪ್ಪನ ಗಡ್ಡ ಕಪ್ಪಗೇ ಇತ್ತು. ಮಂಗ್ಳೂರು, ನನಗಿಂತ ಹದಿನೈದು ವರ್ಷ ಚಿಕ್ಕವನನ್ನು ನಾನು ಅಪ್ಪಾ ಎಂದು ಕರೆದೆ."

ಅವರೇ ಮೈ ತೊಳೆದು, ಅವರೇ ಗುಂಡಿ ತೋಡಿ ಮಣ್ಣು ಮಾಡಿದರಂತೆ. ಉಳಿದ ಇಬ್ಬರು ಸಿಗಲಿಲ್ಲ. ಸಂಜೆಗೆ ಯಂತ್ರ ಮತ್ತೆ ಶುರುವಾಯಿತು.

ನಾವು ಏಳುವಷ್ಟರಲ್ಲಿ ಘಟಕದ ಕಡೆಯಿಂದ ಒಬ್ಬ ಓಡುತ್ತ ಬಂದ. ನಲವತ್ತು ದಾಟಿದ ಆಸಾಮಿ, ಮುಖಕ್ಕೆ ಸುತ್ತಿದ ಬಟ್ಟೆಯ ತುಂಬ ಉಪ್ಪಿನ ಧೂಳು. ಕೊಪ್ಪಳದ ಕಡೆಯವನು. ನಾನು ಕನ್ನಡದವನೆಂದು ಯಾರೋ ಹೇಳಿದ್ದರು.

"ಸಾಹೇಬ್ರ, ಅವ್ವಗ ಭಾಳ ಜಡ್ಡಾಗೈತ್ರಿ. ಉಳಿಯಂಗಿಲ್ಲ ಅಂತಾರ. ಒಂದ್ ಹತ್ ದಿನ ಹೋಗಿ ಮಾರಿ ನೋಡ್ಕಂಡ್ ಬರ್ತೀನ್ರಿ. ಪಾಸ್‌ಪೋರ್ಟ್ ನಿಮ್ ಆಫೀಸ್ನ್ಯಾಗ ಐತಂತ. ಇಲ್ಲಿ ಸೂಪರ್‌ವೈಜರ್ ಹಡಗು ತುಂಬೂತನ ಆಗಂಗಿಲ್ಲ ಅಂತಾನ್ರಿ."

"ಅರ್ಜಿ ಬರೆದು ಕೊಡಿ, ನೋಡುವ," ಎಂದೆ. ಯಾರು ಬಂದರೂ ನಾನು ಹೇಳುತ್ತಿದ್ದದ್ದು ಅದನ್ನೇ.

ಕಾರಿನಲ್ಲಿ ಚಾಚಾ ಕೇಳಿದರು, "ಅವನು ಏನಂದ?" ಹೇಳಿದೆ.

"ಪಾಸ್‌ಪೋರ್ಟ್ ಎಲ್ಲಿದೆ?"

"ಕಬ್ಬಿಣದ ಕಪಾಟಿನಲ್ಲಿ. ಎಲ್ಲರದ್ದೂ ಅಲ್ಲೇ ಇರುತ್ತದೆ ಚಾಚಾ, ಕಳೆದುಹೋಗಬಾರದು ಅಂತ."

"ಬೀಗದ ಕೈ?"

"ನನ್ನ ಹತ್ತಿರ."

ಅವರು ಕಿಟಕಿಯತ್ತ ತಿರುಗಿದರು. ದುಬೈ ಮುಟ್ಟುವವರೆಗಿನ ನಾಲ್ಕು ತಾಸು ನನ್ನ ಪ್ಯಾಂಟಿನ ಜೇಬಿನಲ್ಲಿದ್ದ ಬೀಗದ ಕೈ ತೊಡೆಗೆ ಒತ್ತುತ್ತಿತ್ತು. ಅರ್ಜಿ ಬಂತು. ಮ್ಯಾನೇಜರರ ಸಹಿಗೆ ಇಟ್ಟೆ. ಅವರು ಲಂಡನ್ನಿನಲ್ಲಿದ್ದರು. ಒಂದು ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ನಾಲ್ಕನೇ ದಿನ ಬಾಬಾ ಸ್ವತಃ ನನ್ನ ಮೇಜಿನವರೆಗೆ ಬಂದು, "ಗುಡ್ಡದವನ ಪಾಸ್‌ಪೋರ್ಟ್ ಕೊಡು. ನನ್ನ ಅಣ್ಣ ಕೇಳಿದ್ದಾನೆ," ಎಂದರು. ಚಾಚಾ ಆ ಹಾಲಿನ ಸಂಬಂಧವನ್ನು ಬಳಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೊಪ್ಪಳದವನು ಅಂದೇ ವಿಮಾನ ಹತ್ತಿದ. ಅವನು ಊರು ಮುಟ್ಟುವ ಹಿಂದಿನ ದಿನ ತಾಯಿಯನ್ನು ಮಣ್ಣು ಮಾಡಿದ್ದರು. ಇದನ್ನು ಅವನೇ ಫೋನ್ ಮಾಡಿ ತಿಳಿಸಿದ. ಬೈಯಲಿಲ್ಲ, "ನಿಮ್ ಉಪಕಾರ ಆತ್ರಿ," ಎಂದ.

ಪುಸ್ತಕದ ಕರಡು ಮ್ಯಾನೇಜರ್ ಸಾಹೇಬರ ಮುಂದೆ ಹೋದಾಗ ನನ್ನನ್ನು ಒಳಗೆ ಕರೆದರು. ಹದಿಮೂರು ಹೆಸರುಗಳ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ಅವರು ಕೆಟ್ಟ ಮನುಷ್ಯರಲ್ಲ. ದನಿ ಏರಿಸಿ ಮಾತಾಡಿದವರಲ್ಲ.

"ಈ ಹೆಸರುಗಳನ್ನು ಇಲ್ಲಿ ಯಾರು ಓದಿದರೂ ಇವರು ಯಾರೆಂದು ಗೊತ್ತಾಗುತ್ತದೆ," ಎಂದರು. "ಅಮ್ಮಿ ನಮ್ಮ ಮನೆಯವರು," ಅರಬ್ಬಿಯಲ್ಲಿ ದೊಡ್ಡಪ್ಪ ಎಂದರ್ಥ, ಅವರು ಚಾಚಾರನ್ನು ಹಾಗೆಯೇ ಕರೆಯುತ್ತಿದ್ದರು, "ಅವರ ಅಪ್ಪ ಹೀಗಿದ್ದ ಎಂದು ಅಚ್ಚು ಹಾಕಿಸಿ ಅವರಿಗೆ ಅವಮಾನ ಮಾಡಬೇಕಾ?"

"ಅವರೇ ಹಾಕಿಸಲು ಹೇಳಿದ್ದು, ಸರ್."

"ಅವರಿಗೆ ಓದಲು ಬರುವುದಿಲ್ಲ. ನೀನೇ ತೆಗೆದುಬಿಡು." ಕರಡನ್ನು ನನ್ನತ್ತ ಸರಿಸಿ, "ನಿನ್ನ ವೀಸಾ ನವೀಕರಣ ಈ ತಿಂಗಳೇ ಅಲ್ಲವಾ?" ಎಂದರು. ಹೆದರಿಸಲು ಕೇಳಿದರೋ, ಸುಮ್ಮನೆ ಕೇಳಿದರೋ, ಇಂದಿಗೂ ನನಗೆ ಗೊತ್ತಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. "ನಿಮ್ಗೆ ಯಾಕೆ ಮಾರಾಯ್ರೆ ಅವರ ಮನೆಯ ಪಂಚಾತಿಕೆ? ಅಣ್ಣ ತಮ್ಮ ಅವರವರು ನೋಡಿಕೊಳ್ತಾರೆ. ನಮ್ಮನ್ನು ನಾಳೆ ಹೋಗಿ ಅಂದ್ರೆ ಎಲ್ಲಿಗೆ ಹೋಗುದು?" ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮರುದಿನ ಬೆಳಿಗ್ಗೆ ಹದಿಮೂರು ಹೆಸರುಗಳನ್ನು ಅಳಿಸಿ, ಆ ಜಾಗದಲ್ಲಿ ಮ್ಯಾನೇಜರ್ ಸಾಹೇಬರು ಹೇಳಿಕೊಟ್ಟ ಸಾಲು ಹಾಕಿದೆ: ಗುಡ್ಡದ ಬುಡದಲ್ಲಿ ಕುಟುಂಬದ ನಿಷ್ಠಾವಂತ ಕೆಲಸಗಾರರು. ಟೈಪ್ ಮಾಡಿದ ಹಾಳೆಯನ್ನೂ ಹರಿದು ಹಾಕಿದೆ.

ಮಧ್ಯಾಹ್ನ ಚಾಚಾ ಕೇಳಿದರು. "ಮಂಗ್ಳೂರು, ಹೆಸರು ಹಾಕಿದೆಯಾ?"

"ಹಾಕಿದೆ ಚಾಚಾ."

"ಎಲ್ಲವೂ?"

"ಎಲ್ಲವೂ."

ಅವರು ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡರು.

ಪುಸ್ತಕದ ಬಿಡುಗಡೆ ಒಂದು ಹೋಟೆಲಿನಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ. ಚಾಚಾ ಹೊಸ ಬಿಳಿ ಕಂದೂರ ನಿಲುವಂಗಿ ತೊಟ್ಟು ಮೊದಲ ಸಾಲಿನಲ್ಲಿ ಕುಳಿತಿದ್ದರು. ಮೊದಲ ಪ್ರತಿಯನ್ನು ಬಾಬಾ ಅವರ ಕೈಗೇ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಭಾಷಣಗಳು ನಡೆಯುತ್ತಿದ್ದಾಗ ಚಾಚಾ ಒಂದೊಂದೇ ಪುಟ ತಿರುವಿ ಆ ಚಿತ್ರ ಹುಡುಕಿಕೊಂಡರು. ಪಕ್ಕದಲ್ಲಿ ಬಾಬಾರ ಮೊಮ್ಮಗಳು ಕುಳಿತಿದ್ದಳು, ಹತ್ತು ವರ್ಷದ ಹುಡುಗಿ. ಅವಳಿಂದ ಓದಿಸಿದರು. ಅವಳು ಓದಿದಳು. ಅವರು ಮತ್ತೇನೋ ಕೇಳಿದರು. ಅವಳು ಪುಟವನ್ನು ಹಿಂದೆ ಮುಂದೆ ನೋಡಿ, ತಲೆ ಅಲ್ಲಾಡಿಸಿ, "ಮಾಫಿ," ಎಂದು ಅರಬ್ಬಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ಇಲ್ಲ.

ಅವರು ಪುಸ್ತಕ ಮುಚ್ಚಿ ಕುರ್ಚಿಯ ಮೇಲಿಟ್ಟು ಎದ್ದರು. ಸಭೆಯ ನಡುವಿನ ದಾರಿಯಲ್ಲಿ ನಾನು ನಿಂತಲ್ಲಿಗೇ ಬಂದರು. ಅವರು ನನ್ನ ಮುಖವನ್ನೇ ನೋಡಿ, "ಊಟ ಮಾಡಿ ಹೋಗು, ಮಂಗ್ಳೂರು," ಎಂದರು. ಹೊರಟುಹೋದರು.

ಅಲ್ಲಿಂದ ಮುಂದೆ ಅವರು ಆಫೀಸಿಗೆ ಬರಲಿಲ್ಲ. ಒಂದು ತಿಂಗಳು ಕುರ್ಚಿ ಖಾಲಿ ಇತ್ತು. ಆಮೇಲೆ ಆ ಜಾಗಕ್ಕೆ ನೀರಿನ ಯಂತ್ರ ಬಂತು. ನಾನು ಅವರ ಮನೆಗೆ ಹೋಗಲು ಎರಡು ವರ್ಷ ತೆಗೆದುಕೊಂಡೆ. ಕೊನೆಗೆ ಹೋದದ್ದೂ ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿದ ಮೇಲೆಯೇ. ಹೆಂಡತಿ ಎಂದೋ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬಾಬಾ ಇಟ್ಟಿದ್ದ ಒಬ್ಬ ನರ್ಸ್ ಬಾಗಿಲು ತೆರೆದಳು. ಒಳಗಿನಿಂದ ಕ್ಷೀಣ ದನಿ ಬಂತು, "ಬಲೆ ಬಲೆ, ಕುಲ್ಲುಲೆ."

ನಾನು ಹಾಸಿಗೆಯ ಪಕ್ಕ ಕುಳಿತು ಅತ್ತುಬಿಟ್ಟೆ. ಹೆಸರು ಅಳಿಸಿದ್ದು ನಾನೇ, ಚಾಚಾ, ನನ್ನ ಕೈಯಿಂದಲೇ ಅಳಿಸಿದೆ ಎಂದೆ.

"ಗೊತ್ತು," ಎಂದರು. "ನಿನಗೆ ಹೆದರಿಕೆಯಾಯಿತು. ನಾನೂ ಆ ಮನೆಯಲ್ಲಿ ಎಪ್ಪತ್ತು ವರ್ಷ ಹೆದರಿದ್ದೇನೆ. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಹಾಕಿದೆ ಎಂದೆಯಲ್ಲ, ಆ ರಾತ್ರಿ ನಾನು ಅಪ್ಪನಿಗೆ ಹೇಳಿಬಿಟ್ಟಿದ್ದೆ."

ನರ್ಸ್ ಬಂದು ದಿಂಬು ಸರಿಪಡಿಸಿ ಹೋದಳು. ಅವಳು ಬಾಗಿಲು ಮುಚ್ಚಿದ ಮೇಲೆ ಅವರು ತಾಯಿಯ ಮಾತು ತೆಗೆದರು. ಆ ಮನೆಯಲ್ಲಿ ಅವಳನ್ನು ಜಾಫರಾನ್ ಎಂದು ಕರೆಯುತ್ತಿದ್ದರು, ಕೇಸರಿ ಎಂದು. ಯಜಮಾನರ ಕೂಸಿಗೆ ಮೊದಲು ಕುಡಿಸಿ, ಉಳಿದರೆ ತನ್ನ ಕೂಸಿಗೆ ಕುಡಿಸಬೇಕಿತ್ತು. ಸಮುದ್ರದಾಚೆ ಅವಳ ತಾಯಿ ಅವಳಿಗಿಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಸಾಯುವ ಹೊತ್ತಿಗೆ ಮಗನಿಗೆ ಮಾತ್ರ ಹೇಳಿದಳು.

"ಬಾಬಾ ಅದನ್ನು ಐವತ್ತು ವರ್ಷದಿಂದ ಕೇಳುತ್ತಿದ್ದಾನೆ," ಎಂದರು ಚಾಚಾ. "ಅವನು ಒಳ್ಳೆಯವನು. ಅವಳಿಗಾಗಿ ಅಳುತ್ತಾನೆ. ಆದರೆ ಅವಳ ಹಾಲು ತೆಗೆದುಕೊಂಡರು, ಗಂಡನನ್ನು ತೆಗೆದುಕೊಂಡರು. ಇದೊಂದು ಅವರ ಮನೆಗೆ ಹೋಗುವುದು ಬೇಡ. ನನ್ನ ಜೊತೆ ಮಣ್ಣಾಗುವುದೂ ಬೇಡ."

ಅವರು ನನ್ನನ್ನು ಹತ್ತಿರ ಕರೆದು ಆ ಹೆಸರು ಹೇಳಿದರು. ಸರಿಯಾಗಿ ಬರುವ ತನಕ ಮೂರು ಸಲ ನನ್ನ ಬಾಯಲ್ಲಿ ಹೇಳಿಸಿದರು.

"ನನಗೇ ಯಾಕೆ ಚಾಚಾ? ನಾನು ನಿಮಗೆ ಸುಳ್ಳು ಹೇಳಿದವನು."

"ಅದಕ್ಕೇ," ಎಂದರು, ಹಳೆಯ ನಗು ನಕ್ಕು. "ನಿನಗೆ ಸುಳ್ಳು ಹೇಳಲು ಬರುತ್ತದೆ ಅಂತ ಗೊತ್ತಾಯಿತಲ್ಲ. ಬಾಬಾ ಕೇಳುತ್ತಾನೆ. ಅವನಿಗೂ ಸುಳ್ಳೇ ಹೇಳು."

ಆ ಭೇಟಿಯಾದ ಮೂರು ವಾರಕ್ಕೆ ಡ್ರೈವರನ ಫೋನ್ ಬಂದದ್ದು. ಸ್ಮಶಾನದ ಗೋಡೆಯ ಹೊರಗೆ ನಿಂತು ನೋಡಿದೆ. ಎಂಬತ್ತು ದಾಟಿದ ಬಾಬಾ ಯಾರು ತಡೆದರೂ ಕೇಳದೆ ಗುಂಡಿಗಿಳಿದು, ತಾವೇ ತಲೆಯ ಕಡೆ ಹಿಡಿದು ಮಲಗಿಸಿದರು.

ಮೂರನೇ ದಿನ ಮಾತಾಡಿಸಲು ಹೋದೆ. ಮನೆಯ ಮುಂದೆ ಶಾಮಿಯಾನ, ಸಾಲು ಕುರ್ಚಿ. ಬಾಬಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಕಣ್ಣುಗಳು ಊದಿದ್ದವು. ಸುತ್ತಲಿನವರು ಎದ್ದು ಹೋಗುವವರೆಗೆ ಕಾದು, ನನ್ನ ಮೊಣಕೈ ಹಿಡಿದು ತಗ್ಗಿದ ದನಿಯಲ್ಲಿ ಕೇಳಿದರು.

"ಕೊನೆಯಲ್ಲಿ ನೀನು ಹೋಗಿದ್ದೆಯಂತೆ. ನರ್ಸ್ ಹೇಳಿದಳು. ನಮ್ಮ ಅಮ್ಮ... ನಮ್ಮಿಬ್ಬರ ಅಮ್ಮ. ಅವಳ ನಿಜವಾದ ಹೆಸರು ನಿನಗೇನಾದರೂ ಹೇಳಿದನಾ? ನಮಾಜಿನಲ್ಲಿ ಅವಳಿಗಾಗಿ ಬೇಡುವಾಗ ನನಗೆ ಹೆಸರಿಲ್ಲ. ನನಗೂ ಇನ್ನು ಹೆಚ್ಚು ದಿನವಿಲ್ಲ."

ಅವರ ಕೈ ನನ್ನ ಮೊಣಕೈಯನ್ನು ಬಿಟ್ಟಿರಲಿಲ್ಲ. ನನ್ನ ವೀಸಾ, ನನ್ನ ಮನೆ, ಮಗಳ ಶಾಲೆ ಎಲ್ಲವೂ ಆ ಕೈಯಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಮುದುಕನ ದುಃಖ ನಿಜವಾಗಿತ್ತು. ಹೆಸರು ನನ್ನ ನಾಲಿಗೆಯ ತುದಿಯವರೆಗೆ ಬಂತು.

"ಇಲ್ಲ ಬಾಬಾ," ಎಂದೆ. "ಏನೂ ಹೇಳಲಿಲ್ಲ."